ಮುತ್ತಜ್ಜನ ತಿಥಿ ಸಿಕ್ಕಿದ ಕಥೆ

"ಸತ್ತವರ ಲೆಕ್ಕ ಯಾರಪ್ಪ ಇಟ್ಟಿರ್ತಾರೆ?" ಅಂತ, ನಾನು ಮುತ್ತಜ್ಜನ ತಿಥಿ ಹುಡುಕಲು ಹೊರಟಾಗ ನಕ್ಕಿದ್ದವರು ನಮ್ಮ ಚಿಕ್ಕಪ್ಪ. ಈಗ ಅವರೇ ವಂಶವೃಕ್ಷದ ಕಾಪಿ ಕಳಿಸು ಅಂತ ವಾರಕ್ಕೆರಡು ಸಲ ಫೋನ್ ಮಾಡುತ್ತಾರೆ. ಕಳಿಸುತ್ತೇನೆ, ಸ್ವಲ್ಪ ಕಾಯಲಿ.

ಮುತ್ತಜ್ಜ 'ದೊಡ್ಡ ಜ್ವರ'ದಲ್ಲಿ ಹೋದರು ಅನ್ನೋದಷ್ಟೇ ಮನೆಯಲ್ಲಿ ಗೊತ್ತಿತ್ತು. 1918ರ ಫ್ಲೂ ಇರಬೇಕು ಅಂದುಕೊಂಡೆ. ಸಾವಿನ ದಾಖಲೆಗೆ ಅಂತ ಮೊದಲು ಕಚೇರಿ ಸುತ್ತಿದೆ. ಮೂರು ತಿಂಗಳು ಅಲೆಸಿ 'ದಾಖಲೆ ಲಭ್ಯವಿಲ್ಲ' ಅಂತ ಸೀಲು ಹೊಡೆದು ಕೊಟ್ಟರು. ನಡುವೆ ಒಬ್ಬ ಏಜೆಂಟ್ 1,500 ರೂಪಾಯಿ ತಿಂದ. ಸ್ಮಶಾನದ ರಿಜಿಸ್ಟರ್ ಕೇಳಿದರೆ ತೊಂಬತ್ತರ ದಶಕದಿಂದ ಈಚಿನದು ಮಾತ್ರ ಇತ್ತು. ಅದಕ್ಕೂ ಹಳೆಯದು ಗೆದ್ದಲಿನ ಪಾಲು.

ಆಮೇಲೆ ಗಯಾ. ಅಲ್ಲಿನ ಪಂಡಾ, ಅಂದರೆ ಕ್ಷೇತ್ರದ ಪುರೋಹಿತರು, ನಮ್ಮ ಜಾತಿ, ಊರು, ಜಿಲ್ಲೆ ಕೇಳಿ ಹತ್ತೇ ನಿಮಿಷದಲ್ಲಿ ಉದ್ದನೆಯ ಬಹಿ, ಅಂದರೆ ಬಂದವರ ಹೆಸರು ಬರೆದಿಡುವ ಪುಸ್ತಕ, ಬಿಚ್ಚಿದರು. ನಮ್ಮೂರಿನವರು ಸಿಕ್ಕರು, ನಮ್ಮ ಗೋತ್ರದವರೂ ಸಿಕ್ಕರು. ನಮ್ಮವರಿಲ್ಲ. ರೈಲು, ರೂಮು, ಪಿಂಡ, ದಕ್ಷಿಣೆ ಎಲ್ಲಾ ಸೇರಿ ಹದಿನಾರು ಸಾವಿರ ಆಗಿರಬಹುದು. ನನ್ನ ಹೆಂಡತಿಯನ್ನು ಕೇಳಿದರೆ ಪೈಸೆ ಸಮೇತ ಹೇಳುತ್ತಾಳೆ. ಗಯಾದ ಪುಸ್ತಕದಲ್ಲಿ ಗಯಾಕ್ಕೆ ಹೋದವರ ಹೆಸರಷ್ಟೇ ಇರುತ್ತೆ, ಅಲ್ವಾ? ಜ್ವರದಲ್ಲಿ ಮನೆಯೇ ಮಗುಚಿದ ಮೇಲೆ ಅಷ್ಟು ದೂರ ಹೋಗೋಕೆ ನಮ್ಮವರ ಹತ್ತಿರ ದುಡ್ಡೆಲ್ಲಿತ್ತು? ಇದು ಹೊಳೆದಿದ್ದು ವಾಪಸ್ ಬರುವಾಗ, ರೈಲಿನಲ್ಲಿ.

ಕೊನೆಗೆ ಊರ ಕಡೆಯೇ ಹುಡುಕಿದೆ. ಮದುವೆ ಮುಂಜಿ ಮಾಡಿಸುವ ಪುರೋಹಿತರನ್ನು ಹಿಡಿದರೆ ಪ್ರಯೋಜನವಿಲ್ಲ. ಅಪರ, ಅಂದರೆ ಸತ್ತವರ ಕರ್ಮ, ಮಾಡಿಸುವವರ ಮನೆ ಬೇರೆ. ಶ್ರೀರಂಗಪಟ್ಟಣದ ಹತ್ತಿರ ಅಂಥ ಒಂದು ಮನೆಯಲ್ಲಿ ಮಾಡಿಸಿದ ಕರ್ಮಗಳನ್ನು ಬರೆದಿಟ್ಟ ಅಜ್ಜನ ಕಾಲದ ಪುಸ್ತಕಗಳು ಟ್ರಂಕಿನಲ್ಲಿದ್ದವು. ಟ್ರಂಕು ತೆಗೆಸಿದ್ದು ಹೇಗೆ ಅಂತ ಮಾತ್ರ ಕೇಳಬೇಡಿ. 501 ರೂಪಾಯಿ ದಕ್ಷಿಣೆ, ಒಂದು ಶಾಲು, ಹಣ್ಣು. ಅದಲ್ಲದೆ ಇನ್ನೊಂದು ಕೆಲಸ ಮಾಡಿದೆ, ಅದು ನನ್ನ ಹತ್ತಿರವೇ ಇರಲಿ.

ಎರಡು ದಿನ ಮುತ್ತಜ್ಜನ ಹೆಸರು ಹುಡುಕಿ ಕಣ್ಣು ಉರಿ ಬಂತು. ಇಲ್ಲ. ಮಸಿ ಮಾಸಿದ ಕಡೆ ಫೋನಿನಲ್ಲಿ ಫೋಟೊ ತೆಗೆದು ಬಣ್ಣ ಉಲ್ಟಾ ಮಾಡಿ ನೋಡಿದೆ. ಅದರಿಂದ ನಾಲ್ಕಾರು ಹೆಸರು ಎದ್ದು ಕಂಡವು, ಎಲ್ಲಾ ಬೇರೆಯವರವು. ಮೂರನೇ ದಿನ ಪುರೋಹಿತರ ತಾಯಿ ಕಾಫಿ ಕೊಡುತ್ತಾ, "ಕರ್ಮ ಮಾಡಿದ್ದು ಯಾರು?" ಅಂದರು. ಅಲ್ಲಿಗೆ ಗಂಟು ಬಿಚ್ಚಿತು. ಆಗ ನಮ್ಮ ತಾತನಿಗೆ ನಾಲ್ಕು ವರ್ಷ, ಮುಂಜಿಯೂ ಆಗಿರಲಿಲ್ಲ. ಕರ್ಮ ಹಿಡಿದವನು ದಾಯಾದಿಯ ಮಗ. ಆ ಪುಸ್ತಕದಲ್ಲಿ ಎಲ್ಲವೂ ಕರ್ತೃವಿನ, ಅಂದರೆ ಕರ್ಮ ಮಾಡಿದವನ ಹೆಸರಲ್ಲೇ ಇತ್ತು. ನೀವೂ ಹುಡುಕುತ್ತಿದ್ದರೆ ಸತ್ತವರ ಹೆಸರು ಬಿಟ್ಟು ಕೊಳ್ಳಿ ಇಟ್ಟವರ ಹೆಸರು ನೋಡಿ.

ಆ ದಾಯಾದಿಯ ಮಗನ ಹೆಸರಿನಲ್ಲಿ ಮುತ್ತಜ್ಜನ ತಿಥಿ ಸಿಕ್ಕಿತು: ಕಾಳಯುಕ್ತಿ ಸಂವತ್ಸರ, ಆಶ್ವಯುಜ ಬಹುಳ ಪಂಚಮಿ, ಗುರುವಾರ. ಕಾಳಯುಕ್ತಿ ಅರುವತ್ತು ವರ್ಷಕ್ಕೊಮ್ಮೆ ಬರುತ್ತೆ, 1858ರಲ್ಲೂ ಇತ್ತು. ನಮಗೆ ಹೊಂದುವುದು 1918. ತಾರೀಖಿಗೆ ಸ್ವಾಮಿಕಣ್ಣು ಪಿಳ್ಳೈ ಅವರ ಪಟ್ಟಿ (ತಿಥಿಗೆ ಇಂಗ್ಲಿಷ್ ತಾರೀಖು ಹೊಂದಿಸುವ ಪುಸ್ತಕ) ತೆಗೆಯುವ ಮೊದಲು ಸುಮ್ನೆ ಬೆರಳೆಣಿಸಿದೆ. ಶಿರಡಿ ಸಾಯಿಬಾಬಾ ತೀರಿಕೊಂಡಿದ್ದು ಅದೇ ವರ್ಷದ ವಿಜಯದಶಮಿ, ಅಕ್ಟೋಬರ್ 15. ಅಲ್ಲಿಂದ ಹತ್ತು ತಿಥಿ ಮುಂದಕ್ಕೆ ಹೋದರೆ 24 ಅಥವಾ 25. ಗುರುವಾರ ಬರುವುದು 24ಕ್ಕೆ. ಫ್ಲೂ ಜೋರಾಗಿದ್ದ ತಿಂಗಳು.

ಸಪಿಂಡೀಕರಣಕ್ಕೆ, ಅಂದರೆ ಸತ್ತವರನ್ನು ಪಿತೃಗಳ ಜೊತೆ ಸೇರಿಸುವ ಕರ್ಮಕ್ಕೆ, ಮೇಲಿನ ಮೂರು ತಲೆಮಾರಿನ ಹೆಸರು ಬೇಕೇ ಬೇಕು. ಹಾಗಾಗಿ ಒಂದೇ ಸಾಲಿನಲ್ಲಿ ನಾಲ್ಕು ತಲೆಮಾರು ಸಿಕ್ಕಿತು. ಆದರೆ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಮುತ್ತಜ್ಜಿಯ ಪುಟ. ಅವರು ಹೋಗಿದ್ದು ಧಾತು ಸಂವತ್ಸರ, ಅಂದರೆ 1936ರ ಸುಮಾರು. ಹೆಂಗಸರನ್ನು ಸೇರಿಸುವುದು ಅತ್ತೆ, ಅತ್ತೆಯ ಅತ್ತೆ, ಅವರ ಅತ್ತೆಯ ಜೊತೆ. ಯಾವ ಪಹಣಿಯಲ್ಲೂ ಇಲ್ಲದ ಮೂರು ಹೆಂಗಸರ ಹೆಸರು ಅಲ್ಲಿದ್ದವು.

ಇದೇ ಹುರುಪಿನಲ್ಲಿ ಕ್ರೈಸ್ತ ಗೆಳೆಯನೊಬ್ಬನ ಚರ್ಚಿನ ಸಮಾಧಿ ರಿಜಿಸ್ಟರೂ ನೋಡಿದೆ. ವಯಸ್ಸು, ಕಸುಬು, ಕಾಯಿಲೆ, ಎಲ್ಲಾ ಅಂಕಣ ಹಾಕಿ ಬರೆದಿದ್ದಾರೆ. ಹೊಟ್ಟೆಕಿಚ್ಚಾಯಿತು. ಅವನ ಕೆಲಸ ಅರ್ಧ ದಿನದಲ್ಲಿ ಮುಗಿಯಿತು, ಖರ್ಚು ಒಂದು ಊಟ.

ಶ್ರೀರಂಗಪಟ್ಟಣದ ಪುರೋಹಿತರ ಟ್ರಂಕಿನಲ್ಲಿ 1910ಕ್ಕಿಂತ ಹಿಂದಿನದನ್ನು ಇಲಿ ತಿಂದಿದೆ. ಅವರ ದಾಯಾದಿಗಳ ಮನೆ ನಂಜನಗೂಡಿನಲ್ಲಿದೆಯಂತೆ, ಅಲ್ಲೂ ಒಂದು ಪೆಟ್ಟಿಗೆ ಇದೆಯಂತೆ. ಈಗ ಪಿತೃಪಕ್ಷ, ಅವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಅಮಾವಾಸ್ಯೆ ಕಳೆಯಲಿ ಅಂತ ಕಾಯುತ್ತಿದ್ದೇನೆ.