ಕಂಪ್ಯೂಟರಿಗೂ ಅಡಿಕೆ ಆರಿಸಲು ಕಲಿಸಿ: ಥಂಡರ್‌ಬರ್ಡ್‌ನಲ್ಲಿ ಸ್ಪ್ಯಾಮ್ ಫಿಲ್ಟರ್

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿಯಿಂದ ಭಾವ ಫೋನ್ ಮಾಡಿದರು. ಆಗುಂಬೆ ರಸ್ತೆಯಲ್ಲಿ ಅವರದೊಂದು ನಾಲ್ಕು ಕೋಣೆಯ ಹೋಂಸ್ಟೇ ಇದೆ. "ಎಂತ ಮಾರಾಯ, ಮೇಲ್ ಕಳ್ಸಿ ಎಂಟು ದಿನ ಆಯ್ತು, ಉತ್ತರನೇ ಇಲ್ಲ ಅಂತ ಬೆಂಗಳೂರಿನವ್ರು ಬೇರೆ ಕಡೆ ಬುಕ್ ಮಾಡಿಬಿಟ್ರು. ನಂಗೆ ಮೇಲೇ ಬರ್ಲಿಲ್ವಲ್ಲ!"

ಮೇಲ್ ಬಂದಿತ್ತು. ಜಂಕ್ ಫೋಲ್ಡರಿನಲ್ಲಿ ಲಾಟರಿ ಗೆದ್ದ ಸುದ್ದಿಗೂ ಕೂದಲು ಬೆಳೆಸುವ ಎಣ್ಣೆಗೂ ನಡುವೆ ಆರು ಜನರ ಎರಡು ರಾತ್ರಿಯ ಬುಕಿಂಗ್ ಮಲಗಿತ್ತು. ಸ್ಪ್ಯಾಮ್ ಕಾಟ ತಾಳಲಾರದೆ ಭಾವನೇ ಒಂದು ತಿಂಗಳ ಹಿಂದೆ ಸೋದರಳಿಯನ ಕೈಲಿ ಫಿಲ್ಟರ್ ಹಾಕಿಸಿದ್ದರು: ವಿಷಯದ ಸಾಲಿನಲ್ಲಿ 'ಆಫರ್' ಎಂದಿದ್ದರೆ ಸೀದಾ ಜಂಕಿಗೆ. ಬೆಂಗಳೂರಿನವರು ವಿಷಯದ ಸಾಲಿನಲ್ಲಿ ಬರೆದಿದ್ದೇ 'ಎನಿ ಮಾನ್ಸೂನ್ ಆಫರ್?' ಎಂದು.

ಕಸ ಹೊರಗೆ ಹಾಕುವುದು ಅಂಥ ಕಷ್ಟದ ಕೆಲಸವಲ್ಲ. ಕಸದ ಜೊತೆ ಕಾಳು ಹೋಗದ ಹಾಗೆ ನೋಡಿಕೊಳ್ಳುವುದೇ ಕಷ್ಟ. ಹಾಗಾಗಿ ಕೆಳಗೆ ಹೇಳುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಒಳ್ಳೆಯ ಮೇಲ್ ಉಳಿಸಿಕೊಳ್ಳುವ ಬಗೆಗೇ ಇದೆ.

ಉದಾಹರಣೆಗೆ ಥಂಡರ್‌ಬರ್ಡ್ ಎಂಬ, ಮೇಲ್ ಓದಿ ಬರೆಯುವ ತಂತ್ರಾಂಶವನ್ನು ಆರಿಸಿಕೊಂಡಿದ್ದೇನೆ. 2004ರಲ್ಲಿ ಮೊದಲ ಪೂರ್ಣ ಆವೃತ್ತಿ ಬಂದ ಈ ತಂತ್ರಾಂಶ ಉಚಿತ; ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ನಮ್ಮ ಕಡೆ ಇದರ ಇನ್ನೊಂದು ಅನುಕೂಲವೆಂದರೆ, ಇಳಿಸಿಕೊಂಡ ಮೇಲ್ ಕಂಪ್ಯೂಟರಿನಲ್ಲೇ ಇರುತ್ತದೆ. ಜುಲೈ ತಿಂಗಳಲ್ಲಿ ಮರ ಬಿದ್ದು ನೆಟ್ ಹೋದರೂ ಹಳೆಯ ಪತ್ರ ಓದಬಹುದು, ಉತ್ತರ ಬರೆದಿಡಬಹುದು. ನಿಮ್ಮ ಮೇಲ್ ಖಾತೆಯನ್ನು ಅದರಲ್ಲಿ ಈಗಾಗಲೇ ಜೋಡಿಸಿದ್ದೀರಿ ಎಂದುಕೊಂಡು ಮುಂದುವರಿಯುತ್ತೇನೆ. ಮೆನುವಿನಲ್ಲಿ ಕಾಣುವ ಇಂಗ್ಲಿಷ್ ಹೆಸರುಗಳನ್ನು ಉಚ್ಚಾರದಂತೆ ಬರೆದಿದ್ದೇನೆ. ಕೆಲವು ಆವೃತ್ತಿಗಳಲ್ಲಿ 'ಜಂಕ್' ಇರುವ ಕಡೆ 'ಸ್ಪ್ಯಾಮ್' ಎಂದಿರಬಹುದು, ಎರಡೂ ಒಂದೇ.

ಮೊದಲು ಸ್ವಿಚ್ ಹಾಕಿ

ಮೇಲ್ಗಡೆ ಮೂರು ಗೆರೆಯ ಮೆನು ಒತ್ತಿ 'ಅಕೌಂಟ್ ಸೆಟ್ಟಿಂಗ್ಸ್'ಗೆ ಹೋಗಿ. ಎಡಗಡೆ ನಿಮ್ಮ ಖಾತೆಯ ಕೆಳಗೆ 'ಜಂಕ್ ಸೆಟ್ಟಿಂಗ್ಸ್' ಇದೆ. ಅಲ್ಲಿ 'ಎನೇಬಲ್ ಅಡಾಪ್ಟಿವ್ ಜಂಕ್ ಮೇಲ್ ಕಂಟ್ರೋಲ್ಸ್' ಎಂಬುದಕ್ಕೆ ಟಿಕ್ ಇರಬೇಕು. ಎರಡು ಖಾತೆ ಇದ್ದರೆ ಎರಡರಲ್ಲೂ ನೋಡಿ, ಇದು ಖಾತೆಗೊಂದು ಬೇರೆ ಬೇರೆ.

ಅದರ ಕೆಳಗೇ ಅಡ್ರೆಸ್ ಬುಕ್ ಹೆಸರುಗಳಿವೆ: ಆ ಪುಸ್ತಕದಲ್ಲಿ ವಿಳಾಸ ಇರುವವರ ಮೇಲನ್ನು ತಾನಾಗಿ ಜಂಕ್ ಎಂದು ಗುರುತಿಸಬೇಡ ಎಂದು ಹೇಳುವ ಜಾಗ ಅದು. 'ಪರ್ಸನಲ್ ಅಡ್ರೆಸ್ ಬುಕ್', 'ಕಲೆಕ್ಟೆಡ್ ಅಡ್ರೆಸಸ್' ಎರಡಕ್ಕೂ ಟಿಕ್ ಹಾಕಿ. ಎರಡನೆಯದರಲ್ಲಿ ನೀವು ಮೇಲ್ ಕಳಿಸಿದವರ ವಿಳಾಸ ತಾನಾಗಿ ಸೇರುತ್ತಾ ಹೋಗುತ್ತದೆ. ಅಂದರೆ ಒಮ್ಮೆ ಉತ್ತರ ಬರೆದ ಗಿರಾಕಿಯ ಮುಂದಿನ ಮೇಲಿಗೆ ಅಪಾಯವಿಲ್ಲ.

ಕೊನೆಗೆ 'ಮೂವ್ ನ್ಯೂ ಜಂಕ್ ಮೆಸೇಜಸ್ ಟು' ಎಂಬುದಕ್ಕೆ ಟಿಕ್ ಹಾಕಿ ಜಂಕ್ ಫೋಲ್ಡರ್ ತೋರಿಸಿ. ಇಂತಿಷ್ಟು ದಿನಕ್ಕಿಂತ ಹಳೆಯ ಜಂಕನ್ನು ಅಳಿಸುವ ಆಯ್ಕೆಯೂ ಅಲ್ಲೇ ಇದೆ. ಅಲ್ಲಿ 14 ದಿನ ಎಂದು ಬರೆದಿರುತ್ತದೆ. ಮದುವೆಗೋ ಶ್ರಾದ್ಧಕ್ಕೋ ಊರಿಗೆ ಹೋದವರು ಮರಳುವುದರೊಳಗೆ ಅದು ಮುಗಿದುಹೋಗುತ್ತದೆ. ಭಾವನಿಗೆ 45 ಹಾಕಿಕೊಟ್ಟೆ.

ರಾಶಿಯನ್ನೂ ತೋರಿಸಿ, ಗೊರಬಲನ್ನೂ ತೋರಿಸಿ

ಸ್ವಿಚ್ ಹಾಕಿದ ಮಾತ್ರಕ್ಕೆ ಫಿಲ್ಟರಿಗೆ ಏನೂ ಗೊತ್ತಿರುವುದಿಲ್ಲ. ಇದು ನಡೆಯುವುದು 18ನೇ ಶತಮಾನದ ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ಹೆಸರಿನ ಸಂಭವನೀಯತೆಯ ಲೆಕ್ಕದ ಮೇಲೆ. ನೀವು ಜಂಕ್ ಎಂದು ಗುರುತಿಸಿದ ಮೇಲುಗಳಲ್ಲಿ ಯಾವ ಪದ ಎಷ್ಟು ಸಲ ಬಂತು, ಒಳ್ಳೆಯದೆಂದ ಮೇಲುಗಳಲ್ಲಿ ಎಷ್ಟು ಸಲ ಬಂತು ಎಂದು ಅದು ಪಟ್ಟಿ ಇಟ್ಟುಕೊಳ್ಳುತ್ತದೆ. ಹೊಸ ಮೇಲ್ ಬಂದಾಗ ಪದಗಳನ್ನು ಬಿಡಿಸಿ, ಪಟ್ಟಿಯ ಜೊತೆ ತಾಳೆ ನೋಡಿ, ಜಂಕ್ ಆಗಿರುವ ಸಾಧ್ಯತೆಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ಥಂಡರ್‌ಬರ್ಡ್‌ನಲ್ಲಿ ಮೊದಲಿಂದ ಇಟ್ಟಿರುವ ಗೆರೆ 90, ಅಂಕ ಅಷ್ಟು ಮುಟ್ಟಿದರೆ ಜಂಕ್.

ಅಡಿಕೆ ಆರಿಸಲು ಹೊಸಬರು ಬಂದರೆ ಏನು ಮಾಡುತ್ತೇವೆ? ಬರೀ ಗೊರಬಲು, ಅಂದರೆ ಕೆಳದರ್ಜೆಯ ಅಡಿಕೆ, ಹಿಡಿದು ತೋರಿಸಿ 'ಇಂಥದ್ದು ಬೇರೆ ಹಾಕು' ಎಂದರೆ ಸಾಲದು. ಒಳ್ಳೆಯ ದರ್ಜೆಗಳಾದ ರಾಶಿ ಯಾವುದು, ಬೆಟ್ಟೆ ಯಾವುದು ಎಂದೂ ತೋರಿಸುತ್ತೇವೆ. ಹೆಚ್ಚಿನವರು ತಪ್ಪುವುದು ಇಲ್ಲೇ. ಸಿಟ್ಟಿನಿಂದ ಜಂಕ್ ಗುಂಡಿಯನ್ನಷ್ಟೇ ಒತ್ತುತ್ತಾರೆ, ಒಳ್ಳೆಯದನ್ನು ಒಳ್ಳೆಯದು ಎಂದು ಯಾರೂ ಹೇಳುವುದಿಲ್ಲ. ಹಾಗಾದಾಗ 'ಬುಕಿಂಗ್', 'ಪೇಮೆಂಟ್' ಎಂಬ ಪದಗಳು ಜಂಕಿನ ಪಟ್ಟಿಯಲ್ಲಿ ಮಾತ್ರ ಉಳಿಯುತ್ತವೆ. ಹೋಂಸ್ಟೇ ನಡೆಸುವವರಿಗೆ ಅನ್ನ ಕೊಡುವ ಪದಗಳೇ ಅವು.

ಕಲಿಸುವ ವಿಧಾನ ಸುಲಭ. ಇನ್‌ಬಾಕ್ಸಿನಲ್ಲಿ ಕಸದ ಮೇಲ್ ಕಂಡರೆ ಅದನ್ನು ಆರಿಸಿ ಕೀಬೋರ್ಡಿನಲ್ಲಿ 'ಜೆ' ಒತ್ತಿ. ಒಳ್ಳೆಯದಾದರೆ ಶಿಫ್ಟ್ ಹಿಡಿದು 'ಜೆ' ಒತ್ತಿ. ಕಂಟ್ರೋಲ್ ಕೀ ಹಿಡಿದು ಹತ್ತಿಪ್ಪತ್ತು ಹಳೆಯ ಒಳ್ಳೆಯ ಮೇಲುಗಳನ್ನು ಒಟ್ಟಿಗೆ ಆರಿಸಿಯೂ ಹೀಗೆ ಮಾಡಬಹುದು. ನಾವು ಭಾವನ ಹಿಂದಿನ ಎರಡು ವರ್ಷದ ಬುಕಿಂಗ್ ಮೇಲುಗಳನ್ನೆಲ್ಲ ಹುಡುಕಿ ಹೀಗೆ ಒಪ್ಪಿಸಿದೆವು, ಅರ್ಧ ಗಂಟೆಯ ಕೆಲಸ.

ಕನ್ನಡದಲ್ಲಿ ವ್ಯವಹರಿಸುವವರಿಗೆ ಒಂದು ಲಾಭವೂ ಉಂಟು. ಕಸದಲ್ಲಿ ಹೆಚ್ಚಿನದು ಇಂಗ್ಲಿಷಿನದು. ನಿಮ್ಮ ಕನ್ನಡದ ಪತ್ರಗಳನ್ನು ಒಳ್ಳೆಯವೆಂದು ಒಪ್ಪಿಸಿದರೆ 'ನಮಸ್ಕಾರ', 'ಕೋಣೆ', 'ದಯವಿಟ್ಟು' ಎಂಬ ಪದಗಳೇ ಪತ್ರವನ್ನು ಕಾಯುತ್ತವೆ.

ಕಲಿಸುವಾಗ ತಪ್ಪು ಗುರುತು ಹಾಕಿದರೆ ತಕ್ಷಣ ತಿದ್ದಿ. ತೀರಾ ಗೋಜಲಾಗಿದ್ದರೆ 'ಸೆಟ್ಟಿಂಗ್ಸ್', 'ಪ್ರೈವಸಿ ಆಂಡ್ ಸೆಕ್ಯುರಿಟಿ'ಯೊಳಗೆ 'ರಿಸೆಟ್ ಟ್ರೇನಿಂಗ್ ಡೇಟಾ' ಇದೆ. ಅದನ್ನು ಒತ್ತಿದರೆ ಕಲಿತದ್ದೆಲ್ಲ ಮರೆತು ಮೊದಲಿಂದ ಶುರು.

ನಿಯಮ ಬರೆಯುವುದು, ಅಗತ್ಯವಿದ್ದಷ್ಟೇ

ಈಗ ಸೋದರಳಿಯ ಹಾಕಿದಂಥ ಫಿಲ್ಟರಿಗೆ ಬರೋಣ. 'ಟೂಲ್ಸ್' ಮೆನುವಿನಲ್ಲಿ 'ಮೆಸೇಜ್ ಫಿಲ್ಟರ್ಸ್' ಇದೆ. ಇದು ಲೆಕ್ಕ ಹಾಕುವುದಿಲ್ಲ, ಹೇಳಿದ್ದನ್ನು ಕಣ್ಣುಮುಚ್ಚಿ ಮಾಡುತ್ತದೆ. ಅದಕ್ಕೇ ಕಸ ಹಿಡಿಯಲು ಇದನ್ನು ಬಳಸಬೇಡಿ ಎನ್ನುತ್ತೇನೆ. ಸ್ಪ್ಯಾಮ್ ಕಳಿಸುವವರು ದಿನಕ್ಕೊಂದು ವಿಳಾಸ ಬದಲಿಸುತ್ತಾರೆ. ಒಂದೊಂದನ್ನೇ ತಡೆಯುತ್ತಾ ಕೂತರೆ ಇಂಬಳ ಕೀಳುತ್ತಾ ಕಾಡಿನಲ್ಲಿ ನಡೆದಂತೆ, ಒಂದು ತೆಗೆಯುವಷ್ಟರಲ್ಲಿ ಮೂರು ಹತ್ತಿರುತ್ತವೆ. ಒಳ್ಳೆಯದನ್ನು ಕಾಪಾಡಲು ಮಾತ್ರ ಇದನ್ನು ಹಚ್ಚಿ.

'ನ್ಯೂ' ಒತ್ತಿ ಹೆಸರು ಕೊಡಿ. ಹೊಸ ಮೇಲ್ ಬಂದಾಗ ಎಂಬಲ್ಲಿ 'ಫಿಲ್ಟರ್ ಬಿಫೋರ್ ಜಂಕ್ ಕ್ಲಾಸಿಫಿಕೇಶನ್' ಆರಿಸಿ, ಜಂಕಿನ ಲೆಕ್ಕಕ್ಕೂ ಮೊದಲೇ ಈ ನಿಯಮ ನಡೆಯಲಿ. ಮುಂದೆ 'ಮ್ಯಾಚ್ ಎನಿ' ಎಂಬುದನ್ನು ಆರಿಸಿ. 'ಮ್ಯಾಚ್ ಆಲ್' ಇಟ್ಟರೆ ಬರೆದ ಎಲ್ಲ ಷರತ್ತೂ ಒಟ್ಟಿಗೆ ಕೂಡಿಬಂದರಷ್ಟೇ ಕೆಲಸವಾಗುತ್ತದೆ. ಷರತ್ತುಗಳಲ್ಲಿ ವಿಷಯದ ಸಾಲಿನಲ್ಲಿ ಹೋಂಸ್ಟೇಯ ಹೆಸರು ಇದ್ದರೆ, 'ರೂಮ್' ಇದ್ದರೆ, 'ಆಗುಂಬೆ' ಇದ್ದರೆ ಎಂದು ಒಂದೊಂದಾಗಿ ಸೇರಿಸಿ. ಆಗುಂಬೆಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ. ಮಾಡಬೇಕಾದ ಕೆಲಸ ಎಂಬಲ್ಲಿ 'ಸೆಟ್ ಜಂಕ್ ಸ್ಟೇಟಸ್ ಟು' ಆರಿಸಿ 'ನಾಟ್ ಜಂಕ್' ಎನ್ನಿ. ಬೇಕಾದರೆ ನಕ್ಷತ್ರದ ಗುರುತನ್ನೂ ಸೇರಿಸಿ.

ನಿಯಮಗಳು ಮೇಲಿನಿಂದ ಕೆಳಕ್ಕೆ ನಡೆಯುತ್ತವೆ, ಕಾಪಾಡುವ ನಿಯಮ ಎಲ್ಲಕ್ಕಿಂತ ಮೇಲಿರಲಿ. 'ಡಿಲೀಟ್' ಎಂಬ ಕೆಲಸವನ್ನು ಯಾವ ನಿಯಮದಲ್ಲೂ ಹಾಕಬೇಡಿ. ಹಾಗೆಯೇ ಭಾವನ 'ಆಫರ್' ನಿಯಮವನ್ನು ಅಳಿಸಿದೆ. "ಇನ್ನು ಕಸ ಬಂದ್ರೆ?" ಎಂದರು. ಬರಲಿ, 'ಜೆ' ಇದೆಯಲ್ಲ.

ಸರ್ವರಿನಲ್ಲಿ ಸಿಕ್ಕಿಬಿದ್ದ ಮೇಲ್

ಜಿಮೇಲಿನಂಥ ಸೇವೆಗಳಲ್ಲಿ ಮೇಲ್ ನಿಮ್ಮ ಕಂಪ್ಯೂಟರ್ ಮುಟ್ಟುವ ಮೊದಲೇ ಅವರದೇ ಸೋಸುವಿಕೆ ನಡೆದಿರುತ್ತದೆ. ಖಾತೆಯನ್ನು ಪಾಪ್ ವಿಧಾನದಲ್ಲಿ (ಇನ್‌ಬಾಕ್ಸಿನ ಮೇಲನ್ನಷ್ಟೇ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬಗೆ) ಜೋಡಿಸಿದ್ದರೆ ಅಲ್ಲಿಯ ಸ್ಪ್ಯಾಮ್ ಫೋಲ್ಡರ್ ಥಂಡರ್‌ಬರ್ಡ್‌ಗೆ ಇಳಿಯುವುದೇ ಇಲ್ಲ. ಬ್ರೌಸರಿನಲ್ಲಿ ಹೋಗಿಯೇ ನೋಡಬೇಕು. ಸೇವೆಯವರ ಕಡೆ ಇರುವ ಫೋಲ್ಡರುಗಳನ್ನೇ ಇಲ್ಲಿ ತೋರಿಸುವ ಐಮ್ಯಾಪ್ ವಿಧಾನ ಆದರೆ ಅದೂ ಎಡಗಡೆಯ ಪಟ್ಟಿಯಲ್ಲಿ ಕಾಣುತ್ತದೆ. ವಾರಕ್ಕೊಮ್ಮೆ ಎರಡೂ ಜಂಕ್ ಫೋಲ್ಡರುಗಳ ಮೇಲೆ ಕಣ್ಣಾಡಿಸಿ.

ಜಂಕಿನಲ್ಲಿ ಕಣ್ಣಾಡಿಸುವಾಗ ಚಿತ್ರಗಳನ್ನು ತೆರೆಯಬೇಡಿ. ಹೊರಗಿನಿಂದ ಬರುವ ಚಿತ್ರಗಳನ್ನು ಥಂಡರ್‌ಬರ್ಡ್ ತಾನಾಗಿ ತಡೆದಿರುತ್ತದೆ. ತೆರೆದರೆ ಈ ವಿಳಾಸದಲ್ಲಿ ಓದುವವರಿದ್ದಾರೆ ಎಂದು ಕಳಿಸಿದವರಿಗೆ ತಿಳಿದುಹೋಗುತ್ತದೆ. ಗುರುತಿಲ್ಲದವರ ಮೇಲಿನಲ್ಲಿ 'ಅನ್‌ಸಬ್‌ಸ್ಕ್ರೈಬ್' ಒತ್ತಿದರೂ ಇದೇ ಕತೆ. ನೀವೇ ಸಾಮಾನು ಕೊಂಡ ಅಂಗಡಿಯದಾದರೆ ಧಾರಾಳವಾಗಿ ಒತ್ತಿ.

ಬ್ಯಾಂಕಿನ ಹೆಸರಿನಲ್ಲಿ ಬಂದದ್ದಕ್ಕೆ ಮಾತ್ರ ಬೇರೆ ಎಚ್ಚರ ಬೇಕು. ಕೊಂಡಿಯ ಮೇಲೆ ಮೌಸ್ ಇಟ್ಟು, ಒತ್ತದೆ, ಕಿಟಕಿಯ ಅಡಿಯಲ್ಲಿ ಕಾಣುವ ನಿಜವಾದ ವಿಳಾಸ ನೋಡಿ. ರಿಸರ್ವ್ ಬ್ಯಾಂಕ್ ತನ್ನ 2025ರ ಸೂಚನೆಯಲ್ಲಿ ಬ್ಯಾಂಕುಗಳ ಜಾಲತಾಣಗಳು ಆ ವರ್ಷದ ಅಕ್ಟೋಬರ್ 31ರೊಳಗೆ 'ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕೆಂದು ಹೇಳಿತ್ತು. ಹಾಗಿಲ್ಲದಿದ್ದರೆ ಮುಟ್ಟಬೇಡಿ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಔಟ್‌ಲುಕ್ ಬಳಸುವವರು ಹಳೆಯ ಮಾದರಿಯಲ್ಲಿ 'ಜಂಕ್ ಇಮೇಲ್ ಆಪ್ಶನ್ಸ್' ತೆರೆದರೆ 'ಸೇಫ್ ಸೆಂಡರ್ಸ್' ಪಟ್ಟಿ ಸಿಗುತ್ತದೆ. ಅದನ್ನು ಮೊದಲು ತುಂಬಿ. ಅಲ್ಲಿಯ 'ಹೈ' ಮಟ್ಟ ಒಳ್ಳೆಯ ಮೇಲನ್ನೂ ಹಿಡಿಯುವ ಸಾಧ್ಯತೆ ಇದೆ.

ಇನ್ನೊಂದು ಮಾತು, ಭಾವ ಎರಡೇ ದಿನದಲ್ಲಿ ದೂರು ತಂದದ್ದು: "ಫೋನಲ್ಲಿ ಕಸ ಹಾಗೇ ಕಾಣ್ತದಲ್ಲ!" ಈ ಫಿಲ್ಟರ್ ಇರುವುದು ಕಂಪ್ಯೂಟರಿನಲ್ಲಿ, ಥಂಡರ್‌ಬರ್ಡ್ ತೆರೆದಿದ್ದಾಗ ಮಾತ್ರ ಅದು ದುಡಿಯುತ್ತದೆ. ಮಳೆಗೆ ಮೂರು ದಿನ ಕರೆಂಟ್ ಇಲ್ಲದಿದ್ದರೆ ಮೂರು ದಿನದ ಕಸ ಫೋನಿನಲ್ಲಿ ಸಾಲಾಗಿ ಕೂತಿರುತ್ತದೆ. ಕರೆಂಟ್ ಬಂದು ಕಂಪ್ಯೂಟರ್ ಹಾಕಿದ ಮೇಲೆ, ಖಾತೆ ಐಮ್ಯಾಪ್ ಆಗಿದ್ದರೆ, ಅಲ್ಲಿಂದಲೂ ಹೋಗುತ್ತದೆ.