ಬಿಸಿ ಇಳಿಯುತ್ತಿದ್ದದ್ದು ನೆತ್ತಿಯಿಂದ

ಮನೆಯೊಳಗಿನ ಸೆಕೆ ತಗ್ಗಿಸಲು ನಾನು ಮೊದಲು ಕೈ ಹಾಕಿದ್ದು ಗೋಡೆಗೆ. ಎಡವಿದ್ದೂ ಅಲ್ಲೇ.

ನಮ್ಮದು ಹಳ್ಳಿಯ ಸಣ್ಣ ಮನೆ. ಇಟ್ಟಿಗೆ ಗೋಡೆ, ಮೇಲೆ ತಗಡಿನ ಶೀಟು. ಬೇಸಿಗೆಯಲ್ಲಿ ಎರಡು ಫ್ಯಾನ್ ಹಾಕಿದರೂ ಬಿಸಿಗಾಳಿಯೇ ಮೈಗೆ ಬಡಿಯುತ್ತಿತ್ತು. ಚಳಿಗಾಲದಲ್ಲಿ ಉಲ್ಟಾ, ಎಷ್ಟು ಸೌದೆ ಉರಿಸಿದರೂ ಬೆಳಗಿನ ಜಾವಕ್ಕೆ ನಡುಕ. ಪಡುವಣ ಗೋಡೆ ಸಂಜೆ ಕಾದಿರುತ್ತದಲ್ಲ, ಬಿಸಿ ಅಲ್ಲಿಂದಲೇ ಬರುತ್ತದೆ ಅಂದುಕೊಂಡು ಅದಕ್ಕೆ ಥರ್ಮೋಕೋಲ್ ಹಲಗೆ ಅಂಟಿಸಿದೆ. ವಾರದ ಕೆಲಸ. ಲಾಭ ಅಷ್ಟಕ್ಕಷ್ಟೆ.

ಒಂದು ಮಧ್ಯಾಹ್ನ ಸ್ಟೂಲ್ ಹತ್ತಿ ಶೀಟಿನ ಕೆಳಗೆ ಅಂಗೈ ಹಿಡಿದೆ. ಮುಟ್ಟಿರಲಿಲ್ಲ, ಒಂದು ಗೇಣು ದೂರವಿತ್ತು. ಒಲೆಯ ಬಾಯಿಗೆ ಹಿಡಿದ ಹಾಗೆ ಕಾವು ಬಡಿಯಿತು. ಆಗ ಬುದ್ಧಿ ಬಂತು ನೋಡಿ.

ಮೊದಲು ಶೀಟಿನ ಮೇಲೆ ಬಿಳಿ ಬಣ್ಣ ಬಳಿದೆ. ಇಡೀ ಕೆಲಸದಲ್ಲಿ ಅಗ್ಗದ್ದು ಇದೇ, ಅರ್ಧ ದಿನದಲ್ಲೇ ಫಲ ಗೊತ್ತಾಯಿತು. ಆಮೇಲೆ ಶೀಟಿನ ಕೆಳಗೆ ಚೌಕಟ್ಟು ಕಟ್ಟಿ ಒಣಹುಲ್ಲು ತುಂಬಿದೆ. ಒಂದೇ ಮಳೆಗಾಲ. ಸ್ಕ್ರೂ ತೂತಿನಿಂದ ನೀರು ಸೋರಿ ಹುಲ್ಲೆಲ್ಲ ಒದ್ದೆ. ಶಾಖ ತಡೆಯುವುದು ಹುಲ್ಲಲ್ಲ, ಅದರೊಳಗೆ ಸಿಕ್ಕಿಕೊಂಡ ಗಾಳಿ. ನೀರಿನಲ್ಲಿ ಶಾಖ ಗಾಳಿಗಿಂತ 20 ಪಟ್ಟಿಗೂ ಜಾಸ್ತಿ ಸಲೀಸಾಗಿ ಹರಿಯುತ್ತದೆ. ಒದ್ದೆ ಹುಲ್ಲು ಇದ್ದೂ ಇಲ್ಲದ ಹಾಗೆ. ಮೇಲಾಗಿ ಇಲಿಗಳ ಸಂಸಾರ ಬೇರೆ.

ಹುಲ್ಲು ತೆಗೆದೆ. ಎಲ್ಲ ಸ್ಕ್ರೂಗಳಿಗೂ ಹೊಸ ರಬ್ಬರ್ ವಾಷರ್ ಹಾಕಿದೆ. ಗೋಡೆಯ ಥರ್ಮೋಕೋಲನ್ನೇ ಜೋಪಾನವಾಗಿ ಬಿಡಿಸಿ ಮೇಲಕ್ಕೆ ಸಾಗಿಸಿದೆ. ಒಂದು ಇಂಚು ಥರ್ಮೋಕೋಲ್ ತಡೆಯುವಷ್ಟು ಶಾಖ ತಡೆಯಲು ಇಟ್ಟಿಗೆ ಹತ್ತಿರ ಹತ್ತಿರ 20 ಇಂಚು ದಪ್ಪ ಬೇಕು! ಹಲಗೆಯ ಮೇಲೆ ಹೊಳೆಯುವ ಫಾಯಿಲ್ ಹಾಸಿ, ಫಾಯಿಲ್‌ಗೂ ಶೀಟಿಗೂ ನಡುವೆ ನಾಲ್ಕು ಇಂಚು ಖಾಲಿ ಬಿಟ್ಟೆ. ಫಾಯಿಲ್ ಶೀಟಿಗೆ ತಾಗಿದರೆ ಸುಮ್ನೆ ದಂಡ, ಶಾಖ ನೇರ ದಾಟಿಬಿಡುತ್ತದೆ. ಆ ಖಾಲಿ ಜಾಗದ ಎರಡೂ ತುದಿಗೆ ಜಾಲರಿ ಹಾಕಿ ಗಾಳಿ ಆಡುವ ಹಾಗೆ ಮಾಡಿದೆ. ಇಲ್ಲದಿದ್ದರೆ ಚಳಿಯ ರಾತ್ರಿ ತಗಡಿನ ಒಳಮೈ ಬೆವರಿ ತೊಟ್ಟಿಕ್ಕುತ್ತದೆ.

ಥರ್ಮೋಕೋಲ್‌ಗೆ ಬೆಂಕಿ ಬೇಗ ಹತ್ತುತ್ತದೆ, ಹಾಗಾಗಿ ಕೆಳಗೆ ಜಿಪ್ಸಮ್ ಹಲಗೆ ಹೊಡೆದೆ. ವೈರನ್ನು ಪೈಪಿನೊಳಗೆ ಎಳೆದೆ. ಪಿವಿಸಿ ವೈರು ಥರ್ಮೋಕೋಲ್‌ಗೆ ತಾಗಿಕೊಂಡೇ ಇದ್ದರೆ ಅದರ ಹೊದಿಕೆ ಬರಬರುತ್ತಾ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಇದನ್ನು ಹೇಳುವವರೇ ಕಡಿಮೆ.

ಚಳಿಗಾಲದ ಕಳ್ಳ ಬೇರೆ ಇದ್ದ. ಗಾಳಿ ಜೋರಾಗಿದ್ದ ಒಂದು ರಾತ್ರಿ ಊದುಬತ್ತಿ ಹಚ್ಚಿ ಗೋಡೆಗುಂಟ ನಡೆದೆ. ಬಾಗಿಲ ಕೆಳಗೆ ಹೊಗೆ ಅಡ್ಡಡ್ಡ ಓಡಿತು. ಕಿಟಕಿ ಚೌಕಟ್ಟಿನ ಮೂಲೆಯಲ್ಲೂ ಅದೇ ಕತೆ. ಅವನ್ನೆಲ್ಲ ಗಾರೆ, ರಬ್ಬರ್ ಪಟ್ಟಿ ಹಾಕಿ ಮುಚ್ಚಿದೆ. ಒಲೆಯಿರುವ ಕೋಣೆಯ ಹೊಗೆಕೊಳವೆ, ಗಾಳಿಗಂಡಿ ಮಾತ್ರ ಮುಟ್ಟಲಿಲ್ಲ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಕೋಣೆ ತುಂಬಿದರೂ ಗೊತ್ತಾಗುವುದಿಲ್ಲ.

ಈಗ ಮಧ್ಯಾಹ್ನ ಒಂದೇ ಫ್ಯಾನ್ ಸಾಕು. ಸೌದೆಯೂ ಮೊದಲಿನಷ್ಟು ಬೇಡ. ಮೂಲೆಯೊಂದರಲ್ಲಿ ಅರ್ಧ ಹಲಗೆ ಕಡಿಮೆ ಬಿತ್ತು, ಇನ್ನೂ ಹಾಕಿಲ್ಲ. ಅದರ ಕೆಳಗೆ ಹೋಗಿ ನಿಂತರೆ ನೆತ್ತಿಗೆ ತಕ್ಷಣ ಗೊತ್ತಾಗುತ್ತದೆ.