ಬೆಟ್ಟದ ಬುಡದವರೆಗೆ ಗಾಡಿ ಬೇಡ: ಬೆಂಗಳೂರಿನ ಸುತ್ತ ದಿನವಿಡೀ ನಡೆಯುವುದು ಹೇಗೆ

ಶಿವಗಂಗೆ ಬೆಟ್ಟ ಒಂದೊಂದು ದಿಕ್ಕಿನಿಂದ ಒಂದೊಂದು ಥರ ಕಾಣುತ್ತದೆ ಅಂತ ಹೇಳುತ್ತಾರೆ. ಒಂದು ಕಡೆಯಿಂದ ನಂದಿ, ಇನ್ನೊಂದು ಕಡೆಯಿಂದ ಗಣೇಶ, ಮತ್ತೊಂದು ಕಡೆಯಿಂದ ಲಿಂಗ, ಅದರಾಚೆಯಿಂದ ಹೆಡೆ ಎತ್ತಿದ ಹಾವು. ಕಾರಲ್ಲಿ ಹೋಗಿ ದೇವಸ್ಥಾನದ ಹತ್ತಿರ ಇಳಿದು, ಮೆಟ್ಟಿಲು ಹತ್ತಿ, ಫೋಟೋ ತೆಗೆದು ವಾಪಸ್ ಬಂದವರಿಗೆ ಇದರಲ್ಲಿ ಒಂದೂ ಕಾಣುವುದಿಲ್ಲ. ಬೆಟ್ಟ ಕಾಣಬೇಕಾದರೆ ಅದರಿಂದ ದೂರ ಇರಬೇಕು, ಅದರ ಕಡೆಗೆ ನಡೆದು ಹೋಗಬೇಕು.

ಹಾಗಾಗಿ ನಾನು ಹೇಳೋದು ಇಷ್ಟೇ. ಬಸ್ಸೋ ರೈಲೋ ಹಿಡಿದು ಬೆಟ್ಟಕ್ಕೆ ಐದಾರು ಕಿಲೋಮೀಟರ್ ಮುಂಚೆಯೇ ಇಳಿದುಬಿಡಿ. ಅಲ್ಲಿಂದ ಊರೂರು ದಾಟಿಕೊಂಡು, ಕೆರೆ ಏರಿ ಮೇಲೆ, ಹೊಲದ ಬದಿಯ ಬಂಡಿದಾರಿಯಲ್ಲಿ ನಡೆದು ಬೆಟ್ಟ ಮುಟ್ಟಿ. ವಾಪಸ್ ಬರೋದಕ್ಕೆ ಬೇರೆ ದಾರಿ ಇದ್ದರೆ ಇನ್ನೂ ಒಳ್ಳೆಯದು, ಗಾಡಿ ನಿಲ್ಲಿಸಿದ ಜಾಗಕ್ಕೇ ಮರಳಬೇಕು ಅನ್ನೋ ಕಟ್ಟು ಇರುವುದಿಲ್ಲ ಅಲ್ವಾ.

ದಾರಿ ಹುಡುಕುವುದು ಹೇಗೆ? ಮೊಬೈಲ್ ಮ್ಯಾಪ್ ತೋರಿಸೋದು ಹೆಚ್ಚಾಗಿ ಡಾಂಬರು ರಸ್ತೆಯನ್ನೇ. ಕಾಲುದಾರಿ ಬೇಕಾದರೆ ಕಂದಾಯ ಇಲಾಖೆಯ ಗ್ರಾಮ ನಕಾಶೆ ನೋಡಿ. ಇಲಾಖೆಯ ವೆಬ್‌ಸೈಟಿನಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿದರೆ ಒಂದೊಂದು ಊರಿನ ನಕಾಶೆ ಸಿಗುತ್ತದೆ. ಅದರಲ್ಲಿ ಒಂದೆಳೆಯ ಚುಕ್ಕಿ ಗೆರೆ ಕಾಲುದಾರಿ, ಜೋಡಿ ಗೆರೆ ಬಂಡಿದಾರಿ. ಕೆರೆ, ಗುಂಡುತೋಪು, ಹಳ್ಳ ಎಲ್ಲ ಇರುತ್ತದೆ. ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ದಿಶಾಂಕ್ ಆಪ್ ಇದೆ. ನಾನು ಎರಡನ್ನೂ ಹಿಂದಿನ ರಾತ್ರಿ ಪಕ್ಕಪಕ್ಕ ಇಟ್ಟುಕೊಂಡು ಕೂರುತ್ತೇನೆ, ಒಂದೂರಿನಿಂದ ಇನ್ನೊಂದೂರಿಗೆ ಹೋಗುವ ಹಳೇ ದಾರಿ ಸಿಕ್ಕಾಗ ಆಗುವ ಖುಷಿ ಬೇರೆಯೇ.

ಆದರೆ ನಕಾಶೆಯಲ್ಲಿ ಇರುವ ದಾರಿ ನೆಲದ ಮೇಲೆ ಇರಲೇಬೇಕು ಅಂತೇನಿಲ್ಲ. ಕೆಲವನ್ನು ಉತ್ತುಬಿಟ್ಟಿರುತ್ತಾರೆ, ಕೆಲವಕ್ಕೆ ಲೇಔಟಿನ ಕಾಂಪೌಂಡ್ ಬಂದಿರುತ್ತದೆ. ಅಲ್ಲಿ ಕುರಿ ಮೇಯಿಸುವವರನ್ನು ಕೇಳಿ. ಅವರಿಗಿಂತ ಚೆನ್ನಾಗಿ ದಾರಿ ಗೊತ್ತಿರೋರು ಯಾರೂ ಇಲ್ಲ. "ಇಲ್ಲೇ ಹತ್ರ" ಅಂದರೆ ಅರ್ಧ ಗಂಟೆ ಅಂತ ಇಟ್ಟುಕೊಳ್ಳಿ.

ಸಮಯದ ಲೆಕ್ಕ ನಾನು ಹೀಗೆ ಹಾಕುತ್ತೇನೆ. ಸಮನೆಲದಲ್ಲಿ ಗಂಟೆಗೆ 4 ಕಿ.ಮೀ. ಬೆಟ್ಟದಲ್ಲಿ ಪ್ರತಿ 100 ಮೀಟರ್ ಎತ್ತರ ಏರಲು ಅದರ ಮೇಲೆ 15 ನಿಮಿಷ ಸೇರಿಸಿ. ಊಟಕ್ಕೆ, ಕೂರೋದಕ್ಕೆ, ಸುಮ್ನೆ ನಿಂತು ನೋಡೋದಕ್ಕೆ ಒಟ್ಟು ಎರಡು ಗಂಟೆ ಬಿಡಿ. ಚಳಿಗಾಲದಲ್ಲಿ ಸಂಜೆ ಆರರ ಹೊತ್ತಿಗೇ ಕತ್ತಲಾಗುತ್ತದೆ, ಐದಕ್ಕೆಲ್ಲ ಬಸ್ ಬರುವ ರಸ್ತೆ ತಲುಪುವ ಹಾಗೆ ಹಿಂದಿನಿಂದ ಲೆಕ್ಕ ಹಾಕಿ.

ಮೊದಲ ಸಲಕ್ಕೆ ಶಿವಗಂಗೆಯೇ ಸರಿ. ತುಮಕೂರು ಕಡೆಯ ಬಸ್ ಹತ್ತುವಾಗಲೇ ದಾಬಸ್‌ಪೇಟೆಯಲ್ಲಿ ನಿಲ್ಲಿಸುತ್ತೀರಾ ಅಂತ ಕಂಡಕ್ಟರನ್ನು ಕೇಳಿ. ಅಲ್ಲೇ ತಿಂಡಿ ಮುಗಿಸಿ ಬೆಟ್ಟದ ಕಡೆ ನಡೆಯಿರಿ. ದಾರಿಯುದ್ದಕ್ಕೂ ಬೆಟ್ಟ ಮುಂದೆಯೇ ಇರುತ್ತದೆ, ನೀವು ತಿರುಗಿದಂತೆ ಅದರ ಆಕಾರವೂ ಬದಲಾಗುತ್ತದೆ. ಬೆಟ್ಟದಲ್ಲಿ ಗಂಗಾಧರೇಶ್ವರನ ಗುಡಿ, ಅದರ ಮೇಲೆ ಒಳಕಲ್ಲು ತೀರ್ಥ. ಬಂಡೆಯ ಸಣ್ಣ ಕುಳಿಗೆ ಕೈ ಇಳಿಸಿ ನೀರು ಸಿಗುತ್ತದಾ ಅಂತ ಎಲ್ಲರೂ ನೋಡುತ್ತಾರೆ. ಅಲ್ಲಿಂದ ಮೇಲಕ್ಕೆ ನಿಜವಾದ ಕಡಿದು. ಬಂಡೆಯಲ್ಲೇ ಕೊರೆದ ಮೆಟ್ಟಿಲು, ಪಕ್ಕದಲ್ಲಿ ಕಬ್ಬಿಣದ ಕಂಬಿ. ತುದಿಯ ಹತ್ತಿರ ಕಲ್ಲಿನ ನಂದಿ. ಹೊಯ್ಸಳರ ರಾಣಿ ಶಾಂತಲೆ ಪ್ರಾಣ ಬಿಟ್ಟಳು ಅಂತ ಹೇಳುವ ಜಾಗವೂ ಮೇಲೆಯೇ ಇದೆ. ಕೋತಿಗಳು ಜಾಸ್ತಿ, ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿಯಬೇಡಿ, ತಿಂಡಿ ಬ್ಯಾಗಿನ ಒಳಗಿರಲಿ. ಇಳಿದ ಮೇಲೆ ಕಾಲಲ್ಲಿ ಶಕ್ತಿ ಇದ್ದರೆ ಬಂದ ದಾರಿ ಬಿಟ್ಟು ಬೆಟ್ಟದ ಹಿಂಬದಿಯ ಊರುಗಳ ಕಡೆ ಒಂದು ಸುತ್ತು ಹಾಕಿ. ಈ ಸುತ್ತು ನನಗೆ ತುದಿಗಿಂತಲೂ ಇಷ್ಟ.

ಅಲ್ಲೇ ಒಂದು ಪಾಠವನ್ನೂ ಕಲಿತೆ. ಒಂದು ಮಾರ್ಚ್‌ನಲ್ಲಿ ಒಂಬತ್ತೂವರೆಗೆ ನಡೆಯಲು ಶುರು ಮಾಡಿದ್ದೆವು. ಮಧ್ಯಾಹ್ನದ ಹೊತ್ತಿಗೆ ಬಂಡೆ ಕಾದು ಹೆಂಚಾಗಿತ್ತು, ಮೂವರ ನಡುವೆ ಅರ್ಧ ಬಾಟಲಿ ನೀರು ಉಳಿದಿತ್ತು, ನನ್ನ ತಂಗಿಗೆ ತಲೆ ಸುತ್ತಿ ಕೂತುಬಿಟ್ಟಳು. ಹಿಂಬದಿಯ ಊರಿನ ಒಬ್ಬ ಅಜ್ಜಿ ಅವಳನ್ನು ಜಗಲಿ ಮೇಲೆ ಮಲಗಿಸಿ, ಉಪ್ಪು ಹಾಕಿದ ಮಜ್ಜಿಗೆ ಕುಡಿಸಿ, ಬಿಸಿಲು ಇಳಿಯೋ ತನಕ ಏಳೋಕೆ ಬಿಡಲಿಲ್ಲ. ಅವತ್ತಿನಿಂದ ಒಬ್ಬರಿಗೆ ಮೂರು ಲೀಟರ್ ನೀರು, ಎರಡು ಪೊಟ್ಟಣ ಓಆರ್‌ಎಸ್, ಮತ್ತೆ ಬೆಳಗ್ಗೆ ಏಳರೊಳಗೆ ಮೊದಲ ಹೆಜ್ಜೆ. ಮಾರ್ಚ್‌ನಿಂದ ಮೇವರೆಗೆ ಬಂಡೆ ಬೆಟ್ಟಗಳಿಗೆ ಹೋಗುವುದನ್ನೇ ಬಿಟ್ಟಿದ್ದೇನೆ.

ಎರಡನೆಯದು ನಂದಿ. 1478 ಮೀಟರಿನ ಈ ಬೆಟ್ಟಕ್ಕೆ ಭಾನುವಾರ ಬೆಳಗ್ಗೆ ಸಾಲುಸಾಲು ಗಾಡಿ ಹೋಗುತ್ತವೆ, ಆದರೆ ಹಳೆಯ ದಾರಿ ಇರೋದು ಸುಲ್ತಾನ್‌ಪೇಟೆ ಕಡೆಯಿಂದ, ಸಾವಿರಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲು. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲು ಮಾರ್ಗದಲ್ಲಿ ನಂದಿ ಹಾಲ್ಟ್ ಅನ್ನುವ ಪುಟ್ಟ ನಿಲ್ದಾಣ ಇದೆ. ರೈಲು ಕಡಿಮೆ, ಸಮಯ ಮೊದಲೇ ನೋಡಿಕೊಳ್ಳಿ. ಅಲ್ಲಿ ಇಳಿದು ನಂದಿ ಊರಿನ ಭೋಗನಂದೀಶ್ವರನ ಗುಡಿಗೆ ಹೋಗಿ, ಅಲ್ಲಿರುವ ಕಲ್ಯಾಣಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು, ಆಮೇಲೆ ಸುಲ್ತಾನ್‌ಪೇಟೆ ಕಡೆ ಹೊರಡಿ. ಮೆಟ್ಟಿಲು ದಾರಿ ತೆರೆದಿದೆಯಾ ಅಂತ ಊರಲ್ಲೇ ಕೇಳಿಕೊಳ್ಳಿ. ಕೆಳಗಿನ ಭೋಗನಂದಿಯಿಂದ ಮೇಲಿನ ಯೋಗನಂದಿಯವರೆಗೆ ನಡೆದೇ ಹೋಗುವುದರಲ್ಲಿ ಏನೋ ಒಂದು ತೃಪ್ತಿ ಇದೆ. ಇಳಿದು ಬಂದ ಮೇಲೆ ಹೊತ್ತಿದ್ದರೆ ಸರ್ ಎಂ. ವಿಶ್ವೇಶ್ವರಯ್ಯನವರು 1861ರಲ್ಲಿ ಹುಟ್ಟಿದ ಮುದ್ದೇನಹಳ್ಳಿ ಹತ್ತಿರದಲ್ಲೇ ಇದೆ.

ಈ ಭಾಗದಲ್ಲಿ ದ್ರಾಕ್ಷಿ ತೋಟ, ಹಿಪ್ಪುನೇರಳೆ ತೋಟ ಜಾಸ್ತಿ. ಸೊಳ್ಳೆ ಕ್ರೀಮ್ ಹಚ್ಚಿದ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಮುಟ್ಟಬೇಡಿ, ಆ ಸೊಪ್ಪು ತಿನ್ನುವ ರೇಷ್ಮೆ ಹುಳ ಸಾಯಬಹುದು. ರಾಗಿ ಕೊಯ್ಲಿನ ಸಮಯದಲ್ಲಿ ರಸ್ತೆ ಮೇಲೇ ತೆನೆ ಹರಡಿರುತ್ತಾರೆ. ಶೂ ಕಾಲಲ್ಲಿ ತುಳಿಯದೆ ಪಕ್ಕದಲ್ಲಿ ಹೋಗಿ, ಅದು ಅವರ ಊಟ. ಬದುವಿನ ಮೇಲೆ ನಡೆಯೋದಕ್ಕೂ ಹೊಲದವರನ್ನು ಒಂದು ಮಾತು ಕೇಳಿ. ಕೇಳಿದರೆ ಬೇಡ ಅಂದವರು ನನಗೆ ಬಹಳ ಕಡಿಮೆ, ಡಿಸೆಂಬರ್‌ನಲ್ಲಿ ಸೊಗಡಿನ ಅವರೆಕಾಯಿಯನ್ನು ಕೈಗೆ ಕೊಟ್ಟು ಕಳಿಸಿದವರೇ ಜಾಸ್ತಿ.

ಮಾಗಡಿಯಿಂದ ಸಾವನದುರ್ಗ ಮೂರನೆಯದು, ಎರಡನ್ನೂ ಮುಗಿಸಿದ ಮೇಲೆ ಹೋಗಿ. ಹತ್ತು ಹನ್ನೆರಡು ಕಿ.ಮೀ. ನಡೆದು, ಆಮೇಲೆ 1226 ಮೀಟರಿನ ಆ ಬೋಳು ಬಂಡೆ ಹತ್ತುವುದು ಎಲ್ಲರಿಗೂ ಆಗುವ ಕೆಲಸ ಅಲ್ಲ. ಬುಡದವರೆಗೆ ನಡೆದು, ನರಸಿಂಹಸ್ವಾಮಿ, ವೀರಭದ್ರಸ್ವಾಮಿ ಗುಡಿ ನೋಡಿ ಬಸ್ ಹಿಡಿದರೂ ಅದು ಒಳ್ಳೆಯ ದಿನವೇ. ಒಂದು ಹನಿ ಮಳೆ ಬಿದ್ದರೂ ಬಂಡೆ ಹತ್ತಬೇಡಿ, ಹತ್ತಿದ್ದರೆ ಒಣಗುವ ತನಕ ಕೂತಿರಿ. ಸುತ್ತ ಕಾಡಿದೆ, ಕರಡಿ ಇದೆ, ಹಾಗಾಗಿ ಬೆಳಕು ಹರಿಯುವ ಮೊದಲು, ಸಂಜೆಯಾದ ಮೇಲೆ ಅಲ್ಲಿ ಇರಬೇಡಿ. ಸಾವನದುರ್ಗ, ಸ್ಕಂದಗಿರಿಯಂಥ ಕಡೆ ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತದೆ, ಮೊದಲೇ ಆನ್‌ಲೈನಿನಲ್ಲಿ ವಿಚಾರಿಸಿ. ಕನಕಪುರದಾಚೆಯ ಬಿಳಿಕಲ್ ರಂಗಸ್ವಾಮಿ ಬೆಟ್ಟದ ಕಡೆ ಆನೆಗಳು ಓಡಾಡುತ್ತವೆ, ಅಲ್ಲಿಗೆ ನಿಮ್ಮಷ್ಟಕ್ಕೆ ನೀವು ಹೋಗಲೇಬೇಡಿ. ಮಾಕಳಿದುರ್ಗಕ್ಕೆ ರೈಲು ಹಳಿ ಮೇಲೆ ನಡೆದು ಹೋಗುವವರಿದ್ದಾರೆ. ದಯವಿಟ್ಟು ಬೇಡ.

ಬಂಡೆಯ ಸಂದಿಯಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಸೆಂಟ್ ಹಾಕಿಕೊಂಡು ಬರಬೇಡಿ, ಬೆಂಕಿ ಹಚ್ಚಬೇಡಿ, ಕೂಗಬೇಡಿ. ಹುಲ್ಲಿನಲ್ಲಿ ಕೊಳಕುಮಂಡಲ ಇರಬಹುದು, ಕೋಲಿನಿಂದ ತಟ್ಟಿಕೊಂಡು ಹೋಗಿ, ಉದ್ದ ಪ್ಯಾಂಟ್ ಹಾಕಿ. ಏನಾದರೂ ಆದರೆ 108.

ಶೂ ಹೊಸದು ಬೇಡ. ಹದಿನೈದು ದಿನ ಲಾಲ್‌ಬಾಗ್ ಬಂಡೆ ಮೇಲೆ ಹತ್ತಿಳಿದು ಪಳಗಿಸಿದ ಶೂ ಆಗಬೇಕು, ಬಂಡೆಗೆ ಕಚ್ಚುವ ರಬ್ಬರ್ ತಳ ಇರಬೇಕು. ಊಟಕ್ಕೆ ಚಿತ್ರಾನ್ನ ಇಲ್ಲವೇ ಪುಳಿಯೋಗರೆ, ನಡುನಡುವೆ ಕಡಲೆಕಾಯಿ ಬೀಜ, ಬೆಲ್ಲ, ಸೌತೆಕಾಯಿ. ಮೊಸರನ್ನ ಮಧ್ಯಾಹ್ನದ ಹೊತ್ತಿಗೆ ಹುಳಿಯಾಗಿಬಿಡುತ್ತದೆ. ಬ್ಯಾಗಿನಲ್ಲಿ ಒಂದು ಜೊತೆ ಒಣಗಿದ ಸಾಕ್ಸ್ ಇಟ್ಟುಕೊಂಡಿದ್ದು, ಸಂಜೆ ದಾಬಸ್‌ಪೇಟೆಯ ಬಸ್ ಸ್ಟಾಪಿನಲ್ಲಿ ಕೂತು ಬದಲಾಯಿಸಿಕೊಳ್ಳಿ.